ಕ್ಷಮಿಸಿದ ದಾವೀದ ಹಿಂದಿರುಗಲಿಲ್ಲ

ಗಂಡನ ಹೊಡೆತ ತಾಳಲಾರದೆ ಹೆಂಗಸೊಬ್ಬಳು ಸಭಾಪಾಲಕರ ಮನೆ ಬಾಗಿಲಿಗೆ ಬಂದರೆ ಸಾಮಾನ್ಯವಾಗಿ ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ, ವಾಕ್ಯ ಓದಿ ಬುದ್ಧಿ ಹೇಳುತ್ತಾರೆ, ಪ್ರಾರ್ಥನೆ ಮಾಡಿ ಮನೆಗೆ ಕಳಿಸುತ್ತಾರೆ. ಹೀಗೆ ಮಾಡುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ಮನೆ ಒಡೆಯಬಾರದೆಂಬ ಅವರ ಕಳಕಳಿ ನಿಜವಾದದ್ದೇ. ಆದರೂ ಈ ಕ್ರಮವೇ ತಪ್ಪು ಎಂಬುದು ನನ್ನ ವಾದ. ಹೊಡೆಯುವವನಿಗೂ ಹೊಡೆತ ತಿನ್ನುವವಳಿಗೂ ನಡುವೆ ಸಭೆ ಮಧ್ಯಸ್ಥನಾಗಿ ಕೂರಬಾರದು, ಅವಳ ಪಕ್ಕಕ್ಕೆ ನಿಲ್ಲಬೇಕು. ರಾಜಿಯ ಮಾತು ಬರುವುದಾದರೆ ಅವಳು ಸುರಕ್ಷಿತಳಾದ ಮೇಲೆ, ಅದೂ ಅವಳಾಗಿ ಬಯಸಿದರೆ. ಗಂಡನ ಎದುರೇ ಕೇಳಿದಾಗ ಅವಳು ನಿಜ ಹೇಳುವುದಾದರೂ ಹೇಗೆ? ಅಲ್ಲಿ ಆಡಿದ ಒಂದೊಂದು ಮಾತಿನ ಲೆಕ್ಕವೂ ರಾತ್ರಿ ಮನೆಯಲ್ಲಿ ಚುಕ್ತಾ ಆಗುತ್ತದೆಂದು ಅವಳಿಗೆ ಗೊತ್ತು.

ಇದು ಎಲ್ಲೋ ಒಂದೆರಡು ಮನೆಗಳ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡವರು. ದೌರ್ಜನ್ಯಕ್ಕೊಳಗಾಗಿ ಯಾರ ಬಳಿಯಾದರೂ ನೆರವು ಕೇಳಿದವರು ದೇಶಾದ್ಯಂತ ಶೇ. 14 ಮಾತ್ರ. ನಮ್ಮ ಸಭೆಯಲ್ಲಿ ಇಂಥದ್ದಿಲ್ಲ ಎನ್ನುವವರು ಆಸ್ಟ್ರೇಲಿಯಾದ ಆಂಗ್ಲಿಕನ್ ಸಭೆಯತ್ತ ನೋಡಬಹುದು. ಅದು ತನ್ನದೇ ಜನರನ್ನು ಕುರಿತು ಮಾಡಿಸಿ 2021ರಲ್ಲಿ ಹೊರತಂದ ಅಧ್ಯಯನದಲ್ಲಿ, ಸಂಗಾತಿಯ ಹಿಂಸೆ ಸಭೆಯೊಳಗೂ ಹೊರಗಿನಷ್ಟೇ ಅಥವಾ ಇನ್ನೂ ಹೆಚ್ಚೇ ಇದೆ ಎಂದು ಕಂಡುಬಂತು. ನಮ್ಮ ಡಯಾಸಿಸ್‌ಗಳೂ ಆ ಧೈರ್ಯ ಮಾಡಬೇಕು.

ಎಣಿಸದೆ ಕ್ಷಮಿಸಬೇಕೆಂಬ ಸುವಾರ್ತೆಯ ಬೋಧನೆಯನ್ನು ಇಂಥ ಹೊತ್ತಿನಲ್ಲಿ ಬೇಗ ನೆನಪಿಸುತ್ತಾರೆ. ಅದರ ಜೊತೆಗೆ ಸಮುವೇಲನ ಮೊದಲನೆಯ ಪುಸ್ತಕದ ಹತ್ತೊಂಬತ್ತನೆಯ ಅಧ್ಯಾಯವನ್ನೂ ತೆರೆಯಬೇಕು. ಅಲ್ಲಿ ನಡೆಯುವುದು ಒಂದು ರಾಜಿ ಪಂಚಾಯಿತಿಯೇ. ದಾವೀದನನ್ನು ಕೊಲ್ಲಲು ಹವಣಿಸುತ್ತಿದ್ದ ಅರಸ ಸೌಲನಿಗೆ ಮಗ ಯೋನಾತಾನ ಬುದ್ಧಿ ಹೇಳುತ್ತಾನೆ. ಕೊಲ್ಲುವುದಿಲ್ಲವೆಂದು ಸೌಲ ದೇವರಾಣೆ ಇಡುತ್ತಾನೆ. ಯೋನಾತಾನನೇ ದಾವೀದನನ್ನು ಕರೆತಂದು ಮೊದಲಿನಂತೆ ಸೌಲನ ಬಳಿ ಬಿಡುತ್ತಾನೆ. ಮಧ್ಯಸ್ಥನ ಪ್ರಾಮಾಣಿಕತೆಯಲ್ಲಿ ಕೊರತೆಯಿಲ್ಲ, ಆಣೆಯೂ ಆ ಗಳಿಗೆಗೆ ನಿಜವೇ ಇದ್ದಿರಬಹುದು. ಆದರೆ ಕೆಲವೇ ವಾಕ್ಯಗಳ ಮುಂದೆ, ಕಿನ್ನರಿ ನುಡಿಸುತ್ತಿದ್ದ ದಾವೀದನತ್ತ ಸೌಲ ಈಟಿ ಬೀಸುತ್ತಾನೆ. ದಾವೀದ ಸರಿದುಕೊಳ್ಳುತ್ತಾನೆ, ಈಟಿ ಗೋಡೆಗೆ ನಾಟುತ್ತದೆ. ಆ ರಾತ್ರಿ ಹೆಂಡತಿ ಮೀಕಲಳು ಅವನನ್ನು ಕಿಟಕಿಯಿಂದ ಇಳಿಸಿ ಕಳಿಸುತ್ತಾಳೆ. ಮುಂದೆ ಇಪ್ಪತ್ತಾರನೆಯ ಅಧ್ಯಾಯದಲ್ಲಿ, ಮಲಗಿದ್ದ ಸೌಲನನ್ನು ಕೊಲ್ಲುವ ಅವಕಾಶ ಸಿಕ್ಕರೂ ದಾವೀದ ಕೈಯೆತ್ತುವುದಿಲ್ಲ. ತಲೆದೆಸೆಯಲ್ಲಿದ್ದ ಈಟಿಯನ್ನೂ ನೀರಿನ ತಂಬಿಗೆಯನ್ನೂ ಒಯ್ಯುತ್ತಾನೆ. ಸೌಲ ತಪ್ಪೊಪ್ಪಿಕೊಂಡು ಹಿಂದಕ್ಕೆ ಕರೆಯುತ್ತಾನೆ. ದಾವೀದ ಹತ್ತಿರ ಹೋಗುವುದಿಲ್ಲ. ಆಳೊಬ್ಬ ಬಂದು ಈಟಿಯನ್ನು ತೆಗೆದುಕೊಂಡು ಹೋಗಲಿ ಎಂದು ಹೇಳಿ ತನ್ನ ದಾರಿ ಹಿಡಿಯುತ್ತಾನೆ. ಸೇಡು ಬಿಡುವುದು ಒಂದು, ಈಟಿಗೆ ಎಟುಕುವಷ್ಟು ಹತ್ತಿರ ಮತ್ತೆ ಹೋಗಿ ಕೂರುವುದು ಇನ್ನೊಂದು. ದಾವೀದನ ಈ ಎಚ್ಚರವನ್ನು ಅವಿಶ್ವಾಸವೆಂದು ನಾವು ಕರೆಯುವುದಿಲ್ಲ. ಹೆಣ್ಣು ಅದೇ ಎಚ್ಚರ ತೋರಿದರೆ ಕಲ್ಲುಮನಸ್ಸಿನವಳು ಎನ್ನುವುದೇಕೆ?

ಮದುವೆ ದೇವರ ಮುಂದೆ ಮಾಡಿದ ಒಡಂಬಡಿಕೆ, ಅದನ್ನು ಸಭೆಯೇ ಮುರಿಯುವುದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಒಡಂಬಡಿಕೆ ಮುರಿದದ್ದು ಅವಳು ಮನೆ ಬಿಟ್ಟ ದಿನವಲ್ಲ, ಅವನು ಕೈಯೆತ್ತಿದ ದಿನ. ವಿಚ್ಛೇದನವನ್ನು ಒಪ್ಪದ ಕಥೋಲಿಕ ಧರ್ಮಸಭೆಯ ಕಾನೂನು ಕೂಡ 1153ನೇ ವಿಧಿಯಲ್ಲಿ, ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆ ಹೋಗಲು ದಾರಿ ಕೊಟ್ಟಿದೆ. ತಡವಾದರೆ ಅಪಾಯವೆಂದಿದ್ದಲ್ಲಿ ಬಿಷಪರ ಅಪ್ಪಣೆಗೂ ಕಾಯಬೇಕಿಲ್ಲ. ಇಬ್ಬರ ಮಾತನ್ನೂ ಕೇಳಬೇಡವೇ ಎನ್ನುತ್ತಾರೆ. ಕೇಳಬೇಕು, ಬೇರೆ ಬೇರೆಯಾಗಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಗೆ ಮರುವರ್ಷ ರೂಪಿಸಿದ ನಿಯಮಗಳ ಪ್ರಕಾರ, ಆಪ್ತಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ಕೊಡಲು ಅವಕಾಶವೇ ಇಲ್ಲ. ಇದನ್ನು ಅವನಿಗೆ ಮೊದಲೇ ತಿಳಿಸಬೇಕು. ಅಡುಗೆ ತಡವಾಯಿತು, ಎದುರುತ್ತರ ಕೊಟ್ಟಳು ಎಂಬ ಕಾರಣಗಳಿಗೆ ಅಲ್ಲಿ ಜಾಗವಿಲ್ಲದಿರುವಾಗ ಸಭಾಪಾಲಕರ ಕೋಣೆಯಲ್ಲಿ ಅವಕ್ಕೆ ಕಿವಿಗೊಡುವುದೇಕೆ?

ಒಳಗೊಳಗೇ ಆಡುವ ಇನ್ನೊಂದು ಮಾತಿದೆ: ನಾವು ಅಲ್ಪಸಂಖ್ಯಾತರು, ವಿಷಯ ಠಾಣೆಗೆ ಹೋದರೆ ಹೊರಗಿನವರು ಆಡಿಕೊಳ್ಳುತ್ತಾರೆ. ಈ ಅಂಜಿಕೆ ಹುಸಿಯಲ್ಲ. ಆದರೆ ಸಭೆಯ ಮಾನಕ್ಕೆ ಒಬ್ಬಳು ತನ್ನ ಮೈಯಿಂದ ತೆರ ಕಟ್ಟಬೇಕೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಸಭಾಪಾಲಕರು ವಕೀಲರಾಗಬೇಕಿಲ್ಲ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಎಂಬುದು, 181 ಸಹಾಯವಾಣಿ, ಸಖಿ ಕೇಂದ್ರದ ವಿಳಾಸ ಇಷ್ಟು ಗೊತ್ತಿರಲಿ. ಅವಳ ಜೊತೆ ಹೋಗಲು ಸ್ತ್ರೀಸಂಘದ ಇಬ್ಬರು ಸಿದ್ಧರಿರಲಿ. ಹಾಸ್ಟೆಲು, ಆಸ್ಪತ್ರೆ ನಡೆಸಿ ಅನುಭವವಿರುವ ಸಭೆಗಳಿಗೆ ನಾಲ್ಕು ದಿನದ ಆಸರೆ ಹೊರೆಯಾಗದು.

ಹೊಡೆದವನನ್ನು ಕೈಬಿಡಬೇಕೆಂದಲ್ಲ. ಆದರೆ ಅವನು ಸಭಾ ಸಮಿತಿಯಲ್ಲಿದ್ದರೆ ಇಳಿಯಬೇಕು, ವಾಕ್ಯ ಓದುವ ಸರದಿ ಬಿಡಬೇಕು. ಎಲ್ಲರೆದುರು ಸುರಿಸಿದ ಕಣ್ಣೀರನ್ನು ಪಶ್ಚಾತ್ತಾಪವೆಂದು ಎಣಿಸಬಾರದು. ಸುವಾರ್ತೆಯ ಸುಂಕದವ ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಇವನು ಜೀವನಾಂಶವನ್ನು ತಪ್ಪದೆ ಕೊಡಲಿ, ನ್ಯಾಯಾಲಯದ ಆದೇಶ ಪಾಲಿಸಲಿ, ಅವಳ ಬೆನ್ನು ಹತ್ತದಿರಲಿ. ಇಬ್ಬರೂ ಒಂದೇ ಆರಾಧನೆಗೆ ಬರಲಾಗದಿದ್ದರೆ ಬೇರೆ ಸಭೆ ಹುಡುಕಿಕೊಳ್ಳಬೇಕಾದವನು ಅವನು. ಎಷ್ಟೋ ಕಡೆ ಅವಳೇ ಬರುವುದನ್ನು ನಿಲ್ಲಿಸುತ್ತಾಳೆ, ಮಕ್ಕಳ ಸಂಡೇ ಸ್ಕೂಲೂ ಅಲ್ಲಿಗೇ ನಿಲ್ಲುತ್ತದೆ.