ಹೊಸದಾಗಿ ಕಲಿಯುವವನನ್ನು ಏನೆಂದು ಕರೆಯೋಣ?

ನಲ್ವತ್ತು ದಾಟಿದವರೊಬ್ಬರು ಮಸೀದಿಯ ಉಸ್ತಾದರ ಬಳಿಗೆ ಬಂದು, ಕುರ್‌ಆನ್ ಓದಲು ಕಲಿಸಿಕೊಡಿ ಎಂದು ಕೇಳುವುದು ಸಣ್ಣ ವಿಷಯವಲ್ಲ. ಅಷ್ಟು ವರ್ಷ ಮುಚ್ಚಿಟ್ಟುಕೊಂಡಿದ್ದ ಕೊರತೆಯನ್ನು ಅವರು ಅಂದು ಇನ್ನೊಬ್ಬರ ಮುಂದೆ ತೆರೆದಿಡುತ್ತಾರೆ. ಮಕ್ಕಳ ಸಾಲಿನಲ್ಲಿ ಕುಳಿತು ಅಲಿಫ್, ಬಾ ಎನ್ನಲೂ ಸಿದ್ಧರಾಗುತ್ತಾರೆ. ಆಗ ಪಕ್ಕದಲ್ಲಿದ್ದವರು, "ಇಷ್ಟು ವಯಸ್ಸಾದರೂ ಜಾಹಿಲ್ ಆಗಿಯೇ ಉಳಿದರಲ್ಲ!" ಎಂದುಬಿಟ್ಟರೆ? ಮರುದಿನ ಅವರು ಬಾರದೇ ಇರಬಹುದು. ಒಂದೇ ಒಂದು ಮಾತು ಒಬ್ಬ ಮನುಷ್ಯನನ್ನು ಅಲ್ಲಾಹನ ಗ್ರಂಥದಿಂದ ದೂರ ಮಾಡಬಲ್ಲದು. ಆದ್ದರಿಂದ ಹೊಸದಾಗಿ ಕಲಿಯುವವನನ್ನು ಏನೆಂದು ಕರೆಯಬೇಕೆಂಬುದು ಭಾಷೆಯ ಪ್ರಶ್ನೆ ಮಾತ್ರವಲ್ಲ, ನಡತೆಯ ಪ್ರಶ್ನೆಯೂ ಹೌದು.

'ಜಾಹಿಲ್' ಎಂದರೆ ಅಜ್ಞಾನಿ ಎಂದಷ್ಟೇ ನಾವು ತಿಳಿದಿದ್ದೇವೆ. ಅರಬಿಯಲ್ಲಿ ಆ ಪದಕ್ಕೆ ಒರಟ, ವಿವೇಕವಿಲ್ಲದವ ಎಂಬ ಅರ್ಥವೂ ಇದೆ. ಜಾಹಿಲರು ಮಾತಿಗೆ ಬಂದಾಗ ಪರಮ ದಯಾಮಯನ ದಾಸರು ಸಲಾಮ್ ಹೇಳಿ ಮುಂದೆ ಸಾಗುತ್ತಾರೆಂದು ಸೂರಃ ಅಲ್ ಫುರ್ಕಾನ್‌ನ 63ನೇ ಸೂಕ್ತವು ತಿಳಿಸುತ್ತದೆ. ಹಾಗೆ ನೋಡಿದರೆ ಆ ಪದವು ಕಲಿಯಲು ಬಂದವನಿಗಿಂತ ಅವನನ್ನು ಹಂಗಿಸಿದವನಿಗೇ ಹೆಚ್ಚು ಒಪ್ಪುತ್ತದೆ!

ಅರಬಿಯಲ್ಲಿ ಆರಂಭಿಕನಿಗೆ 'ಮುಬ್ತದಿ' ಎನ್ನುತ್ತಾರೆ. ಆ ಪದದ ಕೊನೆಯಲ್ಲಿರುವುದು ಹಂಝ. ಅಲ್ಲಿ ಹಂಝದ ಬದಲು ಐನ್ ಬಂದರೆ ಅರ್ಥವೇ ಬದಲಾಗಿ, ಧರ್ಮದಲ್ಲಿ ಬಿದ್‌ಅತ್ ತಂದವನು ಎಂದಾಗುತ್ತದೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ರೀತಿ ಕಾಣುತ್ತವೆ. ಇದರಲ್ಲಿ ನಮಗೊಂದು ಎಚ್ಚರಿಕೆಯೂ ಇದೆ. ಒಂದೆರಡು ಅನುವಾದಗಳನ್ನು ಓದಿದೊಡನೆ ಫತ್ವಾ ನೀಡತೊಡಗುವ ಆರಂಭಿಕನು ಆ ಒಂದು ಅಕ್ಷರದ ಅಂತರವನ್ನು ಬಹಳ ಬೇಗ ದಾಟಿಬಿಡುತ್ತಾನೆ. ಆದ್ದರಿಂದ ನಾವು ಹುಡುಕುತ್ತಿರುವ ಪದವು ಅವನನ್ನು ಅವಮಾನಿಸಲೂಬಾರದು, ಅಟ್ಟಕ್ಕೇರಿಸಲೂಬಾರದು.

'ತಾಲಿಬ್' ಎಂದರೆ ಅರಸುವವನು. ಕನ್ನಡದ 'ವಿದ್ಯಾರ್ಥಿ'ಯೂ ಹಾಗೆಯೇ, ವಿದ್ಯೆಯನ್ನು ಬೇಡುವವನು. ಎರಡು ಭಾಷೆಗಳು ಒಂದೇ ತಿರುಳನ್ನು ಹಿಡಿದಿರುವುದು ಸಂತೋಷದ ವಿಷಯ. ಆದರೆ ಮಹಾನ್ ವಿದ್ವಾಂಸರೂ ತಾಲಿಬರೇ. ಈಗಷ್ಟೇ ಹೊರಟವನ ಸ್ಥಿತಿಯನ್ನು ಈ ಪದವು ಹೇಳುವುದಿಲ್ಲ.

ಇಲ್ಲಿ ಸೂರಃ ಅಲ್ ಹುಜುರಾತ್‌ನ 14ನೇ ಸೂಕ್ತವನ್ನು ಗಮನಿಸಬೇಕು. ಗ್ರಾಮೀಣ ಅರಬರು ಬಂದು ತಾವು ಸತ್ಯವಿಶ್ವಾಸಿಗಳಾಗಿದ್ದೇವೆ ಎಂದಾಗ, ಹಾಗೆನ್ನಬೇಡಿ, ಶರಣಾಗಿದ್ದೇವೆ ಎನ್ನಿರಿ ಎಂದು ಅವರಿಗೆ ತಿಳಿಸಲಾಯಿತು. ಆರಂಭಿಕರಿಗೆ ಸರಿಯಾದ ಪದವನ್ನು ಸ್ವತಃ ಅಲ್ಲಾಹನೇ ಕಲಿಸಿದನು. ಅವರ ಹೃದಯದೊಳಕ್ಕೆ ವಿಶ್ವಾಸವು ಪ್ರವೇಶಿಸಿಲ್ಲ ಎನ್ನುವಾಗ ಅಲ್ಲಿ ಬಳಕೆಯಾಗಿರುವುದು 'ಲಮ್ಮಾ' ಎಂಬ ಪದ. 'ಲಮ್' ಎಂದರೆ ಬರಿಯ ಇಲ್ಲ. 'ಲಮ್ಮಾ' ಎಂದರೆ ಇನ್ನೂ ಇಲ್ಲ, ಆದರೆ ಆಗುವ ನಿರೀಕ್ಷೆಯಿದೆ. ಅಲ್ ಕಶ್ಶಾಫ್‌ನ ಕರ್ತೃ ಝಮಖ್ಶರಿ (ನಿಧನ: ಹಿಜರಿ 538) ಈ ಪದದಲ್ಲಡಗಿರುವ ನಿರೀಕ್ಷೆಯನ್ನು ಗುರುತಿಸಿದ್ದಾರೆ.

ಕನ್ನಡದಲ್ಲೂ ಈ ವ್ಯತ್ಯಾಸವಿದೆ. 'ಮಗ ಬರಲಿಲ್ಲ' ಎನ್ನುವ ತಾಯಿ ಪಾತ್ರೆ ತೊಳೆದಿಡುತ್ತಾಳೆ. 'ಮಗ ಇನ್ನೂ ಬಂದಿಲ್ಲ' ಎನ್ನುವ ತಾಯಿ ಊಟ ಮುಚ್ಚಿಟ್ಟು ಕಾಯುತ್ತಾಳೆ. 'ಇನ್ನೂ' ಎಂಬ ಮಾತು ಸತ್ಯವನ್ನು ಮರೆಮಾಚುವುದಿಲ್ಲ, ಬಾಗಿಲನ್ನೂ ಮುಚ್ಚುವುದಿಲ್ಲ. ಪರಸ್ಪರರನ್ನು ಅಡ್ಡಹೆಸರುಗಳಿಂದ ಕರೆಯಬಾರದೆಂಬ ಆಜ್ಞೆಯೂ ಇದೇ ಅಧ್ಯಾಯದ 11ನೇ ಸೂಕ್ತದಲ್ಲಿದೆ ಎಂಬುದನ್ನು ಮರೆಯಬಾರದು.

ಹ. ಆಯಿಶಾ(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಹದೀಸ್ ಒಂದರಲ್ಲಿ ಪ್ರವಾದಿ(ಸ)ಯವರು ಎರಡು ಬಗೆಯ ಓದುಗರ ಬಗ್ಗೆ ಹೇಳಿದ್ದಾರೆ. ಚೆನ್ನಾಗಿ ಓದಬಲ್ಲವನಿಗೆ 'ಮಾಹಿರ್', ಅಂದರೆ ನಿಪುಣ ಎಂಬ ಹೆಸರಿದೆ. ಅವನು ಗೌರವಾನ್ವಿತ ಮಲಕ್‌ಗಳ ಜೊತೆಗಿರುತ್ತಾನೆ. ತೊದಲುತ್ತಾ ಕಷ್ಟಪಟ್ಟು ಓದುವವನಿಗೆ ಎರಡು ಪ್ರತಿಫಲಗಳಿವೆ. ಆದರೆ ಅವನಿಗೆ ಅಲ್ಲಿ ಯಾವ ಬಿರುದೂ ಇಲ್ಲ. ಕುರ್‌ಆನ್ 'ಓದುವವನು' ಎಂದಷ್ಟೇ ಹೇಳಿ, ಅನಂತರ ಅವನ ತೊದಲನ್ನು ತಿಳಿಸಲಾಗಿದೆ. ನಮ್ಮ ಬಾಯಲ್ಲಾದರೆ ಅವನು 'ಓದಲು ಬಾರದವನು' ಆಗುತ್ತಿದ್ದ. ಪ್ರವಾದಿ(ಸ)ಯವರು ಅವನನ್ನು ಅವನಲ್ಲಿ ಇಲ್ಲದ್ದರಿಂದ ಗುರುತಿಸಲಿಲ್ಲ, ಅವನು ಮಾಡುತ್ತಿರುವ ಕೆಲಸದಿಂದ ಗುರುತಿಸಿದರು.

ಆದ್ದರಿಂದ ತಡವಾಗಿ ಕಲಿಯಲು ಬಂದವರನ್ನು, ಹೊಸದಾಗಿ ಇಸ್ಲಾಮ್ ಸ್ವೀಕರಿಸಿದವರನ್ನು, ನಮಾಝ್‌ನಲ್ಲಿ ತಪ್ಪುವ ಯುವಕರನ್ನು 'ಕಲಿಯುತ್ತಿರುವವರು' ಎನ್ನೋಣ. ಮನೆಯಲ್ಲಿ ಅಜ್ಜಿಗೆ ಅಕ್ಷರ ತಪ್ಪಿದಾಗ ಮೊಮ್ಮಕ್ಕಳು ನಗದಂತೆ ನೋಡಿಕೊಳ್ಳೋಣ. ನಮ್ಮ ಬಗ್ಗೆ ಕೇಳಿದರೆ 'ಇನ್ನೂ ಕಲಿಯುತ್ತಿದ್ದೇನೆ' ಎನ್ನಲು ನಾಚದಿರೋಣ. ಜ್ಞಾನವನ್ನು ಹೆಚ್ಚಿಸು ಎಂದು ಪ್ರಾರ್ಥಿಸುವಂತೆ ಪ್ರವಾದಿ(ಸ)ಯವರಿಗೇ ಆದೇಶವಾಗಿರುವಾಗ (ತಾಹಾ: 114), ಕಲಿತು ಮುಗಿಸಿದೆ ಎನ್ನಲು ನಾವು ಯಾರು?

ಅಲ್ಲಾಹನು ನಮ್ಮ ನಾಲಗೆಗಳನ್ನು ಕಲಿಯುವವರ ಪಾಲಿಗೆ ತಡೆಯಾಗಿಸದಿರಲಿ. ಆಮೀನ್.