ನೀರು ಕಟ್ಟುವ ಮಾತು

ಬೆಳಗಿನ ಜಾವ ಗುದ್ದಲಿಯನ್ನು ಹೆಗಲಿಗಿಟ್ಟು ಹೊರಟವರನ್ನು ಮಾತಾಡಿಸಿದರೆ ನಮ್ಮ ಕಡೆ ಬರುತ್ತಿದ್ದ ಉತ್ತರ ಒಂದೇ: "ಗದ್ದೆಗೆ ನೀರು ಕಟ್ಟೋಕೆ." ಚಿಕ್ಕಂದಿನಲ್ಲಿ ಈ ಮಾತು ನನಗೆ ಒಗಟಾಗಿತ್ತು. ಹಸು ಕಟ್ಟಬಹುದು, ಮೂಟೆ ಕಟ್ಟಬಹುದು. ಹರಿಯುವ ನೀರನ್ನು ಯಾವ ಹಗ್ಗದಿಂದ ಕಟ್ಟುತ್ತಾರೆ? ಒಂದು ದಿನ ತಾತನ ಹಿಂದೆಯೇ ಹೋದೆ. ಅವರು ಕಾಲುವೆಯ ಪಕ್ಕದ ಬದುವಿನಿಂದ ಗುದ್ದಲಿ ತುಂಬ ಮಣ್ಣು ತೆಗೆದು ಗಂಡಿ ಬಿಟ್ಟರು. ತೆಗೆದ ಮಣ್ಣನ್ನು ಕಾಲುವೆಗೇ ಅಡ್ಡ ಹಾಕಿ, ಮೇಲೊಂದು ಹಿಡಿ ಹುಲ್ಲು ಒತ್ತಿ, ಅಂಗಾಲಿನಿಂದ ತುಳಿದರು. ನೀರು ಒಂದು ಗಳಿಗೆ ನಿಂತು, ಮೆಲ್ಲಗೆ ಏರಿ, ಗದ್ದೆಯ ಕಡೆ ತಿರುಗಿತು. ಗದ್ದೆ ತುಂಬಿದ ಮೇಲೆ ಅದೇ ಮಣ್ಣು ಮತ್ತೆ ಗಂಡಿಗೆ ಹೋಯಿತು. ನೀರು ಕೆಳಗಿನ ಗದ್ದೆಯವರ ಪಾಲಾಯಿತು. ಬಿಡುವುದಕ್ಕೂ ತಡೆಯುವುದಕ್ಕೂ ಇದ್ದದ್ದು ಆ ಒಂದು ಗುದ್ದಲಿ ಮಣ್ಣೇ.

ನೀರು ಕೊಡುವುದನ್ನೂ ನೀರನ್ನು ನಿಲ್ಲಿಸುವುದನ್ನೂ ಕನ್ನಡ 'ಕಟ್ಟು' ಎಂಬ ಒಂದೇ ಕ್ರಿಯಾಪದದಲ್ಲಿ ಇಟ್ಟುಕೊಂಡಿದೆ. ಕಟ್ಟೆ, ಅಣೆಕಟ್ಟು, ಅಡ್ಡಕಟ್ಟೆ ಎಲ್ಲ ಅದರ ಮಕ್ಕಳೇ. ಒಂದು ಕೆರೆಯ ನೀರು ಉಣ್ಣುವ ಭೂಮಿಯಷ್ಟೂ ಅದರ ಅಚ್ಚುಕಟ್ಟು. ಓರಣವಾದ ಕೆಲಸವನ್ನೂ ನಾವು ಅಚ್ಚುಕಟ್ಟು ಎನ್ನುತ್ತೇವೆ. ಈ ಎರಡು ಅರ್ಥಗಳು ಒಂದೇ ಪದದಲ್ಲಿ ಕೂತಿರುವುದನ್ನು ಕಂಡಾಗಲೆಲ್ಲ ನನಗೆ ಸಮಪಾತಳಿ ಮಾಡಿದ ನಾಟಿ ಗದ್ದೆಯೇ ಕಣ್ಣಮುಂದೆ ಬರುತ್ತದೆ.

ಮಣ್ಣಿನ ತಡೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಲು ನಮ್ಮ ಹಿರಿಯರಿಗೆ ಮನಸ್ಸು ಬಂದಂತಿಲ್ಲ. ಗದ್ದೆಗೂ ಗದ್ದೆಗೂ ನಡುವೆ ಮೊಣಕಾಲೆತ್ತರಕ್ಕೂ ಬಾರದ್ದು ಬದು. ಉತ್ತರ ಕರ್ನಾಟಕದ ಎರೆಹೊಲದಲ್ಲಿ ಮಳೆನೀರಿನ ಜೊತೆ ಮಣ್ಣೂ ಕೊಚ್ಚಿ ಹೋಗದಂತೆ ಹಾಕುವುದು ಒಡ್ಡು. ಕೆರೆಯನ್ನು ಹೊತ್ತು ನಿಂತದ್ದು ಏರಿ. ತಮಿಳರಿಗೆ ಏರಿ ಎಂದರೆ ಕೆರೆಯೇ. ನಮಗೆ ಅದು ಕೆರೆಯ ದಂಡೆ. ನೀರಿಗೆ ಅವರು ಕೊಟ್ಟ ಹೆಸರನ್ನು ನಾವು ನೀರು ಹಿಡಿದಿಟ್ಟ ಮಣ್ಣಿಗೆ ಉಳಿಸಿಕೊಂಡಿದ್ದೇವೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ ಸೇರಿಸಿ ನಿಲ್ಲಿಸುವುದು ಕಟ್ಟ. ಬೇಸಿಗೆಯಿಡೀ ಅಡಿಕೆ ತೋಟಕ್ಕೆ ನೀರು ಕೊಟ್ಟು, ಮುಂಗಾರು ಬಂದಾಗ ಅದು ಹೋಗುತ್ತದೆ. ಹೋಗಲೆಂದೇ ಕಟ್ಟಿದ್ದು. ಬರುವ ವರ್ಷ ನೆರೆಕರೆಯವರೆಲ್ಲ ಸೇರಿ ಮತ್ತೆ ಕಟ್ಟಬೇಕು. ಹೀಗೆ ಒಂದೊಂದು ಪದವೂ ಆ ಮಣ್ಣು ಎಷ್ಟು ಕಾಲ ನಿಲ್ಲಬೇಕು, ಯಾರಿಗೆ ಸೇರಿದ್ದು, ಯಾರು ನೋಡಿಕೊಳ್ಳಬೇಕು ಎಂಬುದನ್ನು ಹೇಳಿಬಿಡುತ್ತದೆ.

ಇವುಗಳಲ್ಲಿ ನನ್ನ ಮನಸ್ಸು ಹೆಚ್ಚು ತಂಗುವುದು ಕೋಡಿಯ ಬಳಿ. ಏರಿಯ ಒಂದು ಕೊನೆಯಲ್ಲಿ, ನೆಲ ಗಟ್ಟಿಯಾಗಿರುವ ಕಡೆ, ಏರಿಯ ನೆತ್ತಿಗಿಂತ ತಗ್ಗಿನಲ್ಲಿ ಕಲ್ಲು ಹಾಸಿ ಕೋಡಿ ಬಿಡುತ್ತಾರೆ. ಕೆರೆ ತುಂಬಿ ಮಿಕ್ಕ ನೀರು ಅಲ್ಲಿಂದಲೇ ಹೋಗಬೇಕು. ಕಲ್ಲಿನ ಕಟ್ಟಡದ ಮೇಲೆ ನೀರು ಹರಿದರೂ ತಾಳೀತು. ಮಣ್ಣಿನ ಏರಿಯ ಮೇಲೆ ಒಂದು ಗೇಣು ನೀರು ಹತ್ತಿ ಹರಿದರೂ ಸಾಕು, ಕೊರೆದು ಗಂಡಿ ಬಿದ್ದು, ರಾತ್ರಿ ಬೆಳಗಾಗುವುದರೊಳಗೆ ಕೆರೆ ಬರಿದಾಗುತ್ತದೆ, ಕೆಳಗಿನ ಊರು ಮುಳುಗುತ್ತದೆ. ಎಷ್ಟು ನೀರು ಹಿಡಿಯಬೇಕು ಎಂಬುದರ ಜೊತೆಗೇ ಎಷ್ಟು ನೀರನ್ನು ಬಿಟ್ಟುಕೊಡಬೇಕು ಎಂಬುದನ್ನೂ ಕೆರೆ ಕಟ್ಟಿದವರು ಗೊತ್ತು ಮಾಡುತ್ತಿದ್ದರು.

"ಕೆರೆ ಕೋಡಿ ಬಿತ್ತಂತೆ!" ಈ ಸುದ್ದಿ ಬಂದ ದಿನ ಊರಿಗೆ ಹಬ್ಬ. ಹೆಂಗಸರು ಬಾಗಿನ ತರುತ್ತಾರೆ, ಮಕ್ಕಳು ಕೋಡಿಯ ನೀರಿಗಿಳಿದು ಮೀನು ಹಿಡಿಯುತ್ತಾರೆ. ಅತ್ತ ಕೆಳಗಿನ ಕೆರೆಯ ಊರಿನವರೂ ಕಾಯುತ್ತಿರುತ್ತಾರೆ, ಏಕೆಂದರೆ ಈ ಕೋಡಿಯ ನೀರೇ ಅವರ ಕೆರೆಯ ಒಳಹರಿವು. ಎಂಜಿನಿಯರುಗಳ ಕಡತದಲ್ಲಿ ಇದೇ ಜಾಗದ ಹೆಸರು ವೇಸ್ಟ್ ವಿಯರ್. ಅಂದರೆ ವ್ಯರ್ಥವಾಗಿ ಹೋಗುವ ನೀರಿನ ದಾರಿ. ಕಟ್ಟಡ ಒಂದೇ, ಹೆಸರು ಎರಡು. ಒಂದು ಹೆಸರು ಒಂದೇ ಕೆರೆಯನ್ನು ಕಾಣುತ್ತದೆ, ಇನ್ನೊಂದಕ್ಕೆ ಕೆಳಗಿನ ಕೆರೆಯೂ ಗೊತ್ತು. ಯಾವ ಹೆಸರು ಸರಿ ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ತೂಬಿನ ಮಾತು ಬೇರೆ. ಏರಿಯ ಅಡಿಯಲ್ಲಿ ಕಲ್ಲಿನ ದೋಣಿ. ಕೆರೆಯೊಳಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಅಡ್ಡಪಟ್ಟಿ. ಅಡಿಯ ತೂತಿಗೆ ಮರದ ಬೆಣೆ. ಆ ಬೆಣೆಯನ್ನು ಎಷ್ಟು ಎತ್ತಬೇಕು, ಯಾವತ್ತು ಯಾರ ಸರದಿ ಎಂದು ನಿರ್ಧರಿಸುವವನು ನೀರಗಂಟಿ. ಬೆಳೆ ಬಂದಾಗ ಕಣದಲ್ಲಿ ಅವನಿಗೆ ಆಯ ಅಳೆಯುತ್ತಿದ್ದರು. ಏರಿಯಲ್ಲಿ ಹೆಗ್ಗಣದ ಬಿಲ, ಏಡಿಯ ತೂತು ಕಂಡರೆ ಮುಚ್ಚುವುದು, ಗಿಡ ಬೇರು ಬಿಡುವ ಮುಂಚೆ ಕಿತ್ತುಹಾಕುವುದು ಅವನ ದಿನಚರಿ. ದೊಡ್ಡ ಕೆರೆಯೂ ಇಂಥ ಸಣ್ಣ ಬಿಲದಿಂದ ಒಡೆದುಹೋಗಬಹುದು. ಚನ್ನಗಿರಿಯ ಸೂಳೆಕೆರೆಯ ಏರಿ ಎರಡು ಗುಡ್ಡಗಳ ನಡುವಿನ ಸಂದಿಗೆ ಹಾಕಿದ್ದು. ಹಿಂದೆ ಹರಡಿದ ನೀರನ್ನು ನೋಡಿ ಏರಿಯನ್ನು ನೋಡಿದರೆ ಇಷ್ಟು ಮಣ್ಣು ಅಷ್ಟು ನೀರನ್ನು ಹಿಡಿದೀತೇ ಎನ್ನಿಸುತ್ತದೆ. ಶತಮಾನಗಳಿಂದ ಹಿಡಿದಿದೆ. ಅದರ ನಾಲೆಗಳನ್ನು ಜನ ಸಿದ್ದನಾಲೆ, ಬಸವನಾಲೆ ಎಂದು ಮನೆಮಕ್ಕಳ ಹೆಸರಿಟ್ಟು ಕರೆಯುತ್ತಾರೆ.

ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಅದು. ಹೂಳು ಹೊರುವ ಬಂಡಿಗೆಂದೇ ದತ್ತಿ ಬಿಟ್ಟದ್ದೂ ಉಂಟು. ಕಟ್ಟುವುದು ಒಂದು ಸಲದ ಕೆಲಸ, ಉಳಿಸಿಕೊಳ್ಳುವುದು ಪ್ರತಿ ವರ್ಷದ್ದು ಎಂದು ಬಲ್ಲವರ ಭಾಷೆ ಇದು. ಈ ಪದಗಳು ಈಗ ಸಂಶೋಧಕರ ಪುಸ್ತಕಗಳಲ್ಲಿ ಮಾತ್ರ ಉಳಿದಿವೆ.

ಬದುಕಿರುವ ಪದಗಳಿಗೂ ಸಂಕಟ ತಪ್ಪಿಲ್ಲ. ಬೆಂಗಳೂರಿನಲ್ಲಿ ರಾಜಕಾಲುವೆ ಎಂದರೆ ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಒಯ್ಯುತ್ತಿದ್ದ ದಾರಿ. ಬೆಳ್ಳಂದೂರು ಕೆರೆ ತುಂಬಿದರೆ ವರ್ತೂರಿಗೆ, ವರ್ತೂರು ತುಂಬಿದರೆ ದಕ್ಷಿಣ ಪಿನಾಕಿನಿಗೆ. ಇಂದು ಅಲ್ಲಿಯ ಮಕ್ಕಳಿಗೆ ರಾಜಕಾಲುವೆ ಎಂದರೆ ಮೂಗು ಮುಚ್ಚಿಕೊಂಡು ದಾಟುವ ಮೋರಿ; ಪತ್ರಿಕೆ ಓದುವವರಿಗೆ ಒತ್ತುವರಿಯ ಸುದ್ದಿ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಏರಿಯೂ ಕೋಡಿಯೂ ಹೋದವು, ಮಳೆನೀರು ಮಾತ್ರ ಹಳೆಯ ದಾರಿಯನ್ನು ಮರೆತಿಲ್ಲ. ತಗ್ಗಿನ ಬಡಾವಣೆಗಳ ಮನೆಯೊಳಗೆ ನೀರು ನುಗ್ಗಿದಾಗಲೆಲ್ಲ ನನಗೆ ತಾತನ ಗುದ್ದಲಿಯೇ ನೆನಪಾಗುತ್ತದೆ: ಒಂದು ಕಡೆ ಅಡ್ಡ ಹಾಕುವ ಮೊದಲು ಅವರು ಇನ್ನೊಂದು ಕಡೆ ಗಂಡಿ ಬಿಟ್ಟಿರುತ್ತಿದ್ದರು.

ನಿಮ್ಮೂರಿನ ಕೆರೆ ಇನ್ನೂ ಉಳಿದಿದ್ದರೆ, ಮುಂಗಾರು ಶುರುವಾಗುವ ಮೊದಲು ಮಕ್ಕಳನ್ನು ಕರೆದುಕೊಂಡು ಏರಿಯ ಮೇಲೆ ಒಮ್ಮೆ ನಡೆದು ಬನ್ನಿ. ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಕೋಡಿಯ ನೀರು ಯಾವ ಊರಿಗೆ ಹೋಗುತ್ತದೆ ಎಂದು ಹಿರಿಯರನ್ನು ಕೇಳಿ. ಅವರು ಹೇಳುವ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದಿಟ್ಟುಕೊಳ್ಳಿ.