ತಪ್ಪಿದ ಗುಂಡಿನ ಲೆಕ್ಕ

1980ರ ದಶಕದ ಕೊನೆಯ ಒಂದು ಚಳಿಗಾಲ. ಮಸ್ಕಿ ಆಗ ಇನ್ನೂ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಊರಾಗಿತ್ತು. ಎನ್‌ಸಿಸಿಯ ಖಾಕಿ ತೊಟ್ಟ ನಾವು ಕಾಲೇಜು ಹುಡುಗರು ಬೋಳುಗುಡ್ಡವೊಂದರ ಬುಡದಲ್ಲಿ ಬೋರಲಾಗಿ ಮಲಗಿದ್ದೆವು. ಇಪ್ಪತ್ತೈದು ಗಜದಾಚೆ ಕಾಗದ ಅಂಟಿಸಿದ ಗುರಿಹಲಗೆಗಳು. ಒಬ್ಬೊಬ್ಬನಿಗೆ ಐದೈದು ಗುಂಡು. ಹೆಚ್ಚು ಅಂಕ ಪಡೆದವರು ತಂಡಕ್ಕೆ.

ನನ್ನ ಐದರಲ್ಲಿ ನಾಲ್ಕು ಎಡಕ್ಕೆ ಹೋದವು. ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಸದ್ದಿಗೆ ಹೆದರಿ, ಟ್ರಿಗರ್ ಒತ್ತುವ ಕ್ಷಣದಲ್ಲಿ ಕಣ್ಣು ಮುಚ್ಚಿ ಹೆಗಲು ಕೊಡವಿದ್ದೆ. ಹವಾಲ್ದಾರರು ಬಂದು ವಿಚಾರಿಸಿದಾಗ, "ನಾ ಸರಿಯಾಗೇ ಹೊಡದೀನ್ರಿ ಸಾರ್, ರೈಫಲ್ಲೇ ಎಡಕ್ಕ ಎಳಿತೈತಿ" ಎಂದೆ. ಗುರುಗಳ ಮನೆಯಲ್ಲಿ ಪೂಜಾಸಹಾಯಕನಾಗಿದ್ದ ಹುಡುಗನ ಮಾತೆಂದೋ ಏನೋ, ಅವರು ನಂಬಿದರು; ರೈಫಲಿನ ಸೈಟನ್ನು ತಿರುಗಿಸಿ ಸರಿಪಡಿಸಿದರು. ನೆಟ್ಟಗಿದ್ದ ಸೈಟು ಹೀಗೆ ನನ್ನ ಮಾತಿನಿಂದ ಸೊಟ್ಟಗಾಯಿತು. ಅದೇ ರೈಫಲನ್ನು ನನ್ನ ನಂತರದವನ ಕೈಗೆ ಕೊಟ್ಟರು. ಅವನು ಮಸ್ಕಿ ಸಮೀಪದ ಹಳ್ಳಿಯವನು; ನಮ್ಮೆಲ್ಲರಿಗಿಂತ ಕೈ ಗಟ್ಟಿಯಿದ್ದವನು. ಅವನ ಗುಂಡುಗಳೆಲ್ಲ ಬಲಕ್ಕೆ ಸರಿದು ಬಿದ್ದವು. ಹೊತ್ತು ಇಳಿಯುತ್ತಿತ್ತು, ಇನ್ನೂ ಹುಡುಗರು ಕಾದಿದ್ದರು, ಅಂಕ ಎಣಿಸಿ ಹೆಸರು ಬರೆದುಕೊಳ್ಳುವ ಅವಸರವಿತ್ತು. ತಂಡಕ್ಕೆ ನಾನೂ ಆಯ್ಕೆಯಾಗಲಿಲ್ಲ, ಅವನೂ ಆಗಲಿಲ್ಲ. ನಾನು ಆಗದೆ ಹೋದದ್ದು ನ್ಯಾಯ.

ಆ ವಾರ ಪಾಪನಿವೇದನೆಯಲ್ಲಿ "ಒಂದು ಸುಳ್ಳು ಹೇಳಿದೆ" ಎಂದು ಅರಿಕೆ ಮಾಡಿಕೊಂಡೆ. ಕ್ಷಮೆ ದೊರೆಯಿತು. ಆ ಹುಡುಗನಿಗೆ ಮಾತ್ರ ಏನನ್ನೂ ಹೇಳಲಿಲ್ಲ.

ಗುರುವಾದವನಿಗೆ ಬಂದೂಕಿನ ಮಾತೇಕೆ ಎಂದು ಯಾರಾದರೂ ಕೇಳಬಹುದು. ಕೊಲ್ಲುವ ಬಂದೂಕಿನ ಬಗ್ಗೆ ನನಗೆ ಯಾವ ಮೋಹವೂ ಇಲ್ಲ. ಕಾಗದಕ್ಕೆ ಗುರಿಯಿಡುವ ಆಟದ ಬಗ್ಗೆ ಮಾತ್ರ, ಅದರಲ್ಲೂ ತಂಡಗಳು ಆಡುವ ದೂರಗುರಿಯ ಪಂದ್ಯದ ಬಗ್ಗೆ, ಅಂದಿನಿಂದ ಒಂದು ಕುತೂಹಲ ಉಳಿದುಬಿಟ್ಟಿತು. ನಮ್ಮ ನಾಡಿನಲ್ಲಿ ಗುರಿಯ ಆಟವೆಂದರೆ ಕೊಡಗು ನೆನಪಾಗುತ್ತದೆ. ಕೈಲ್‌ಪೋದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಅದು ಹೆಚ್ಚಾಗಿ ಒಬ್ಬೊಬ್ಬರ ಕೈಚಳಕ. ದೂರಗುರಿಯ ತಂಡದ ಪಂದ್ಯದ ಸ್ವಭಾವವೇ ಬೇರೆ.

ನಮಗೆ ದೂರವಲ್ಲದ ಕೊಲ್ಹಾಪುರದ ಹೆಸರನ್ನು ಇಂಥ ಪಂದ್ಯವೊಂದು ಇಂದಿಗೂ ಹೊತ್ತಿದೆ. ಅಲ್ಲಿಯ ಅರಸರ ಕಾಣಿಕೆಯಾದ ಕೊಲ್ಹಾಪುರ ಕಪ್ಪಿಗಾಗಿ 1871ರಲ್ಲಿ ಇಂಗ್ಲೆಂಡಿನಲ್ಲಿ ಸ್ಪರ್ಧೆ ಮೊದಲಾಯಿತು. ಈಗ ಅದು ಬಿಸ್ಲೆ ಎಂಬಲ್ಲಿ ನಡೆಯುತ್ತದೆ. ತಂಡಕ್ಕೆ ಎಂಟು ಜನ. ದೂರ 300, 500 ಮತ್ತು 600 ಗಜ. ಇನ್ನೂ ದೊಡ್ಡ ಪಂದ್ಯಗಳಲ್ಲಿ ದೂರ 1000 ಗಜದವರೆಗೆ ಹೋಗುತ್ತದೆ. ರೈಫಲಿಗೆ ದುರ್ಬೀನು ಇರುವುದಿಲ್ಲ. ಅಷ್ಟು ದೂರಕ್ಕೆ ಗುಂಡು ತಲುಪಲು ಸುಮಾರು ಒಂದೂವರೆ ಸೆಕೆಂಡು ಬೇಕು. ಆ ಒಂದೂವರೆ ಸೆಕೆಂಡಿನಲ್ಲಿ ಸಾಧಾರಣವಾದೊಂದು ಅಡ್ಡಗಾಳಿ ಅದನ್ನು ಹಲವು ಅಡಿ ಪಕ್ಕಕ್ಕೆ ತಳ್ಳಿಬಿಡುತ್ತದೆ.

ಆದ್ದರಿಂದ ತಂಡದ ಪಂದ್ಯದಲ್ಲಿ ಗುಂಡು ಹೊಡೆಯುವವನು ಗಾಳಿಯನ್ನು ನೋಡುವುದಿಲ್ಲ. ಅವನ ಬೆನ್ನ ಹಿಂದೆ ಕೋಚ್ ಕುಳಿತಿರುತ್ತಾನೆ. ಮೈದಾನದ ಉದ್ದಕ್ಕೂ ನೆಟ್ಟ ಬಾವುಟಗಳ ಬಾಗು, ನೆಲದ ಮೇಲೆ ಕಾವು ಏಳಿಸುವ ಬಿಸಿಲಲೆಗಳ ಹರಿವು, ಇವನ್ನೆಲ್ಲ ದುರ್ಬೀನಿನಲ್ಲಿ ಓದಿ, ಸೈಟನ್ನು ಇಷ್ಟು ಎಡಕ್ಕೆ, ಇಷ್ಟು ಬಲಕ್ಕೆ ಎಂದು ಹೇಳುವವನು ಅವನು. ಹೊಡೆಯುವವನ ಕೆಲಸ ಎರಡೇ. ಮೊದಲನೆಯದು, ಅಲುಗದೆ ಹೊಡೆಯುವುದು. ಎರಡನೆಯದು, ಹೊಡೆದ ಕೂಡಲೆ, ಗುರಿಹಲಗೆಯ ಗುರುತು ಮೇಲೇಳುವ ಮುನ್ನವೇ, ತನ್ನ ಗುಂಡು ಹೇಗೆ ಹೊರಟಿತೆಂದು ಕೋಚಿಗೆ ನಿಜ ಹೇಳುವುದು. ಸರಿಯಾಗಿ ಹೋಯಿತು, ಅಥವಾ, ಬಲಕ್ಕೆ ಎಳೆದುಬಿಟ್ಟೆ, ತಪ್ಪು ನನ್ನದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡನೆಯ ಕೆಲಸ. ಕೈ ಅಲುಗಿದ್ದನ್ನು ಅವನು ಮುಚ್ಚಿಟ್ಟನೆಂದುಕೊಳ್ಳಿ. ಗುಂಡು ಪಕ್ಕಕ್ಕೆ ಬಿದ್ದುದನ್ನು ಕಂಡ ಕೋಚ್ ಗಾಳಿ ತಿರುಗಿದೆ ಎಂದು ತಿಳಿಯುತ್ತಾನೆ. ತಿರುಗದ ಗಾಳಿಗೆ ಸೈಟು ತಿರುಗಿಸುತ್ತಾನೆ. ಆಗ ಮುಂದಿನ ಒಳ್ಳೆಯ ಗುಂಡೂ ತಪ್ಪುತ್ತದೆ. ಪಕ್ಕದಲ್ಲಿ ಹೊಡೆಯುವ ಸಂಗಡಿಗರಿಗೂ ಅದೇ ತಪ್ಪು ಸೂಚನೆ ಹೋಗುತ್ತದೆ. ಕೈ ತಪ್ಪಿದ ಗುಂಡು ತಂಡಕ್ಕೆ ಒಂದೆರಡು ಅಂಕ ಕಳೆಯುತ್ತದೆ, ಅಷ್ಟೇ. ಅದರ ಬಗ್ಗೆ ಹೇಳಿದ ಸುಳ್ಳಿನಿಂದಾಗುವ ನಷ್ಟ ಎಲ್ಲಿಗೆ ನಿಲ್ಲುತ್ತದೆಂದು ಯಾರೂ ಹೇಳಲಾರರು. ಇಂಥ ತಂಡಗಳಲ್ಲಿ ಚೆನ್ನಾಗಿ ಹೊಡೆದೂ ಸುಳ್ಳು ಹೇಳುವವನಿಗಿಂತ, ಸಾಧಾರಣವಾಗಿ ಹೊಡೆದರೂ ನಿಜ ಹೇಳುವವನು ಹೆಚ್ಚು ಬೇಕಾದವನು.

ಕಣ್ಣಿಗೆ ಕಾಣುವ ತಪ್ಪಿಗೆ ನಾವು ಕೊಡುವ ಶಿಕ್ಷೆಯಂತೂ ವಿಚಿತ್ರ. 1874ರ ಸೆಪ್ಟೆಂಬರ್ 26ರಂದು ಅಮೆರಿಕದ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್‌ನಲ್ಲಿ ಐರ್ಲೆಂಡ್ ಮತ್ತು ಅಮೆರಿಕ ತಂಡಗಳ ನಡುವೆ ಪಂದ್ಯ ನಡೆಯಿತು. ತಂಡಕ್ಕೆ ಆರು ಜನ. 800, 900, 1000 ಗಜಗಳಿಂದ ಒಬ್ಬೊಬ್ಬರಿಗೆ ಹದಿನೈದು ಹದಿನೈದು ಗುಂಡು. ನಟ್ಟನಡುವೆ ಹೊಡೆದರೆ 4 ಅಂಕ. ಐರ್ಲೆಂಡಿನ ಮಿಲ್ನರ್ ಎಂಬವರು ಒಂದು ಗುಂಡನ್ನು ನಟ್ಟನಡುವೆಯೇ ಹೊಡೆದರು, ಆದರೆ ತಮ್ಮದಲ್ಲದ ಹಲಗೆಗೆ. ಅಂಕ ಸೊನ್ನೆ. ಕೊನೆಗೆ ಐರ್ಲೆಂಡ್ 931, ಅಮೆರಿಕ 930. ಅಮೆರಿಕಕ್ಕೆ ಒಂದೇ ಗುಂಡು ಉಳಿದಿತ್ತು. ಹೊಡೆಯಬೇಕಾದ ಕರ್ನಲ್ ಬೊಡೈನ್ ಅವರ ಕೈ ಸ್ವಲ್ಪ ಮುಂಚೆ ಒಡೆದ ಬಾಟಲಿಯ ಗಾಜಿನಿಂದ ಕೊಯ್ದು ರಕ್ತ ಸುರಿಯುತ್ತಿತ್ತು. ಕೈಗೆ ಬಟ್ಟೆ ಸುತ್ತಿ ಹೊಡೆದರು, ಗುರಿ ಮುಟ್ಟಿತು. 934 ಮತ್ತು 931. ಮಿಲ್ನರ್ ಅವರ ಆ ಒಂದು ಗುಂಡು ತನ್ನ ಹಲಗೆಗೇ ಬಿದ್ದಿದ್ದರೆ ಗೆಲುವು ಐರ್ಲೆಂಡಿನದು.

ನೂರೈವತ್ತು ವರ್ಷಗಳಿಂದ ಈ ಕತೆಯನ್ನು ಹೀಗೆಯೇ ಹೇಳಿಕೊಂಡು ಬರಲಾಗಿದೆ. ಆದರೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಆರು ಜನ, ತಲಾ 45 ಗುಂಡು, ತಲಾ 4 ಅಂಕ: ಒಟ್ಟು 1080. ಐರ್ಲೆಂಡ್ ಪಡೆದದ್ದು 931. ಕಳೆದುಕೊಂಡದ್ದು 149. ಅದರಲ್ಲಿ ಮಿಲ್ನರ್ ಅವರ ಆ ಹೆಸರಾಂತ ತಪ್ಪಿನ ಪಾಲು 4. ಉಳಿದ 145 ಅಂಕಗಳು ಇಷ್ಟಿಷ್ಟೇ ಪಕ್ಕಕ್ಕೆ ಸರಿದ ಗುಂಡುಗಳಲ್ಲಿ ಸದ್ದಿಲ್ಲದೆ ಸೋರಿಹೋದವು. ಅವುಗಳ ಮೇಲೆ ಯಾರ ಹೆಸರೂ ಇಲ್ಲ. ನಮ್ಮ ಮನೆಗಳಲ್ಲೂ ಧರ್ಮಕೇಂದ್ರಗಳಲ್ಲೂ ಇದೇ ನಡೆಯುತ್ತದೆ. ಎಡವಿ ಬಿದ್ದದ್ದು ಎಲ್ಲರಿಗೂ ಕಂಡ ಒಬ್ಬ ಮಗನ ಮೇಲೆ ಇಡೀ ಮನೆಯ ಸೋಲನ್ನು ಹೊರಿಸಿ, ಉಳಿದವರು ನಿಶ್ಚಿಂತೆಯಿಂದ ಊಟಕ್ಕೆ ಕೂಡುತ್ತಾರೆ.

ಗುರುಮಠದಲ್ಲಿ ನಮ್ಮ ಪ್ರಾಧ್ಯಾಪಕರಿಗೆ ಬಲು ಪ್ರಿಯವಾದ ಪಾಠವೊಂದಿತ್ತು. ಹೊಸ ಒಡಂಬಡಿಕೆಯಲ್ಲಿ ಪಾಪಕ್ಕಿರುವ 'ಹಮಾರ್ತಿಯ' ಎಂಬ ಗ್ರೀಕ್ ಪದದ ಮೂಲ ಅರ್ಥ ಗುರಿ ತಪ್ಪುವುದು. ಹೀಬ್ರೂವಿನ ಪದವೂ ಹಾಗೆಯೇ. ನ್ಯಾಯಸ್ಥಾಪಕರ ಗ್ರಂಥದ ಇಪ್ಪತ್ತನೆಯ ಅಧ್ಯಾಯದಲ್ಲಿ ಕೂದಲೆಳೆಗೆ ಗುರಿಯಿಟ್ಟರೂ ಕವಣೆಕಲ್ಲು ತಪ್ಪದ ಏಳುನೂರು ಮಂದಿ ಎಡಗೈಯವರ ಪ್ರಸ್ತಾಪವಿದೆ. ಅಲ್ಲಿ 'ತಪ್ಪು' ಎಂಬುದಕ್ಕೆ ಬಳಸಿರುವುದು ಪಾಪ ಮಾಡು ಎಂಬ ಧಾತುವನ್ನೇ. ನಾನೂ ಇದನ್ನು ಎಷ್ಟೋ ಪ್ರಬೋಧನೆಗಳಲ್ಲಿ ಹೇಳಿದ್ದೇನೆ. ಈಗೀಗ ಈ ಹೋಲಿಕೆ ನನಗೆ ಸಾಲದೆನಿಸುತ್ತದೆ. ಗುರಿ ತಪ್ಪಿತು ಎಂದಾಗ ಚಿತ್ರದಲ್ಲಿ ಇರುವುದು ಹೊಡೆದವನು ಮತ್ತು ಗುರಿ, ಇಬ್ಬರೇ. ನನ್ನ ನಂತರ ಅದೇ ರೈಫಲನ್ನು ಕೈಗೆತ್ತಿಕೊಂಡವನು ಅಲ್ಲಿ ಇಲ್ಲ. ಸಿಂಧನೂರಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ರಾತ್ರಿ ತೂಬು ಎತ್ತಿದವನಿಗೆ ಕೊನೆಭಾಗದ ಹೊಲದಲ್ಲಿ ಒಣಗಿದ ಭತ್ತದ ಒಡೆಯ ಯಾರೆಂಬುದೇ ಗೊತ್ತಿರುವುದಿಲ್ಲ.

ನಮ್ಮ ಧರ್ಮಸಭೆ ಈ ಮೂರನೆಯವನನ್ನು ಮರೆತಿಲ್ಲ. ಸಂತ ತೋಮಸ್ ಅಕ್ವಿನಾಸರು ಹಾನಿ ತುಂಬಿಕೊಡುವುದನ್ನು ನ್ಯಾಯದ ವಿಷಯವಾಗಿಯೇ ವಿಚಾರ ಮಾಡಿದ್ದಾರೆ. ಕದ್ದದ್ದಕ್ಕೆ ಕ್ಷಮೆ ಸಿಕ್ಕರೂ ಕದ್ದ ವಸ್ತು ಹಿಂತಿರುಗಬೇಕು. ಕೆಡಿಸಿದ ಹೆಸರನ್ನೂ ಹಾಗೆಯೇ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಬಳಿಗೆ ನಡೆ ಎಂದ ಪ್ರಭುವಿನ ಮಾತನ್ನು ನಾವೆಲ್ಲ ಬಲ್ಲೆವು. ಬಲ್ಲೆವಾದರೂ, ದೇವರಿಗೆ ಹೇಳುವುದು ಎಷ್ಟು ಸುಲಭ, ಆ ಮನುಷ್ಯನಿಗೆ ಹೇಳುವುದು ಎಷ್ಟು ಕಷ್ಟ!

ಅಶೋಕ ಚಕ್ರವರ್ತಿಗೂ ಅದು ಕಷ್ಟವಾಗಿರಬೇಕು. ಶಾಸನದಲ್ಲಿ ಅವನ ಹೆಸರು 'ಅಶೋಕ' ಎಂದೇ ಮೊದಲು ದೊರೆತದ್ದು ನಮ್ಮ ಮಸ್ಕಿಯಲ್ಲಿ, 1915ರಲ್ಲಿ. ಕಂಡವರು ಚಿನ್ನದ ಗಣಿಯ ಎಂಜಿನಿಯರ್ ಬೀಡನ್. ಕಳಿಂಗ ಯುದ್ಧದ ಸಾವುನೋವಿಗೆ ತನಗಾದ ಪಶ್ಚಾತ್ತಾಪವನ್ನು ಆ ಅರಸ ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಕೆತ್ತಿಸಿದ. ಗೆದ್ದ ರಾಜನೊಬ್ಬ ತನ್ನ ತಪ್ಪನ್ನು ಬಂಡೆಯ ಮೇಲೆ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಆ ಶಾಸನವನ್ನು ಬಿಟ್ಟುಬಿಡಲಾಗಿದೆ. ಪೆಟ್ಟು ತಿಂದವರ ಊರಿನಲ್ಲೇ ಅದು ಇಲ್ಲ. ಇದಕ್ಕೆ ವಿದ್ವಾಂಸರು ರಾಜಕೀಯ ಕಾರಣಗಳನ್ನು ಹೇಳುತ್ತಾರೆ, ಇರಬಹುದು. ನನಗಂತೂ ನನ್ನ ಪಾಪನಿವೇದನೆಯೇ ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟವನು ಮಸ್ಕಿಯಲ್ಲಿ ಇಳಿದೆ. ಅವನನ್ನು ಹುಡುಕಿಕೊಂಡೇ ಇಳಿದೆನೆಂದರೆ ಸುಳ್ಳಾದೀತು, ಬೇರೆ ಕೆಲಸವಿತ್ತು. ಬಸ್‌ಸ್ಟ್ಯಾಂಡಿನ ಬಳಿ ಅವನೇ ಗುರುತು ಹಿಡಿದು, ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ಹೇಳಿದ. ತಲೆ ನರೆತಿತ್ತು. ಭತ್ತದ ದರ, ಮಗಳ ಮದುವೆ, ಇವೆಲ್ಲ ಮಾತಾದವು. ಆಮೇಲೆ ನಾನು ಆ ಗುಡ್ಡದ ಬುಡದ ದಿನದ ಸಂಗತಿಯನ್ನು, ಕಣ್ಣು ಮುಚ್ಚಿದ್ದರಿಂದ ಹಿಡಿದು ಸೈಟು ತಿರುಗಿಸಿದ್ದರವರೆಗೆ, ಎಲ್ಲವನ್ನೂ ಹೇಳಿದೆ.

ನಕ್ಕುಬಿಡುತ್ತಾನೆಂದುಕೊಂಡಿದ್ದೆ. ಅವನು ಬಹಳ ಹೊತ್ತು ಲೋಟವನ್ನೇ ನೋಡುತ್ತಿದ್ದ.

"ನನ್ ಕಣ್ಣಾಗ ಏನೋ ದೋಷ ಐತಂತ ತಿಳಕೊಂಡಿದ್ದೆ ನೋಡ್ರಿ ಫಾದರ್," ಎಂದ. "ಮಿಲ್ಟ್ರಿ ಭರ್ತಿಗೆ ಹೋಗಂತ ನಮ್ಮಪ್ಪ ಅಂದಾಗ ಅದಕ್ಕ ಒಲ್ಲೆ ಅಂದಿದ್ದೆ."

ನನಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಚಾ ಆರಾಕತ್ತೈತಿ, ಕುಡೀರಿ" ಎಂದ. ಹೊರಗೆ ಲಿಂಗಸುಗೂರಿನ ಬಸ್ಸು ಬಂದು ನಿಂತಿತ್ತು. ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ. ನಾನು ಏಳಲಿಲ್ಲ. ಅವನು ಇನ್ನೆರಡು ಚಹಾ ಹೇಳಿದ.